ಬಿ27: ಒಂದು ರಕ್ತಪರೀಕ್ಷೆ ಹೇಳುವುದೆಷ್ಟು?

ಬೆನ್ನುನೋವು ಕಾಣದ ಮನೆ ಇಲ್ಲ. ಮೂಟೆ ಎತ್ತಿದಾಗ, ದಿನವಿಡೀ ಬಗ್ಗಿ ನಾಟಿ ಮಾಡಿದಾಗ, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಾಗ ಹುಟ್ಟುವ ನೋವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಇಳಿದುಹೋಗುತ್ತದೆ. ಆದರೆ ಬೇರೆಯೇ ಸ್ವಭಾವದ ಒಂದು ಬೆನ್ನುನೋವಿದೆ. ಅದು ಹೆಚ್ಚಾಗಿ ಇಪ್ಪತ್ತು ಮೂವತ್ತರ ಪ್ರಾಯದಲ್ಲಿ, ಇಂಥ ದಿನವೇ ಶುರುವಾಯಿತೆಂದು ಹೇಳಲಾಗದಂತೆ ಮೆಲ್ಲಗೆ ಬರುತ್ತದೆ. ಮಲಗಿದರೆ ಹೆಚ್ಚುತ್ತದೆ, ಎದ್ದು ಓಡಾಡಿದರೆ ಕಡಿಮೆಯಾಗುತ್ತದೆ. ನಡುರಾತ್ರಿ ಕಳೆದ ಮೇಲೆ ನಿದ್ದೆ ಕೆಡಿಸುತ್ತದೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬೆನ್ನು ಬಿಗಿದುಕೊಂಡಿರುತ್ತದೆ. ಒಮ್ಮೆ ಎಡಗಡೆಯ ಪೃಷ್ಠದಲ್ಲಿ, ಒಮ್ಮೆ ಬಲಗಡೆಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಇದು ಮೂಳೆ ಸವೆದು ಬಂದದ್ದಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಬೆನ್ನುಮೂಳೆಯ ಕೀಲುಗಳಲ್ಲಿ ಎಬ್ಬಿಸುವ ಉರಿಯೂತ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಕೆಲವರಲ್ಲಿ ಮೂಳೆಗೆ ಮೂಳೆ ಬೆಸೆದು ಬೆನ್ನು ಬಾಗದಂತಾಗುತ್ತದೆ. ವೈದ್ಯರು ಇದನ್ನು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಇನ್ನೂ ಕಾಣದ ಆರಂಭದ ಹಂತವನ್ನೂ ಸೇರಿಸಿ ಹೇಳುವಾಗ ಆಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್ ಎಂಬ ಹೆಸರಿದೆ. ಈ ಕಾಯಿಲೆಯ ಜೊತೆಗೆ ಸದಾ ಕೇಳಿಬರುವ ಒಂದು ರಕ್ತಪರೀಕ್ಷೆ ಎಚ್‌ಎಲ್‌ಎ-ಬಿ27. ಅದರ ವರದಿಯನ್ನು ಕೆಲವರು ತೀರ್ಪೆಂದು ಓದುತ್ತಾರೆ, ಕೆಲವರು ಏನೂ ಹೇಳದ ಕಾಗದವೆಂದು ಬದಿಗಿಡುತ್ತಾರೆ. ಎರಡೂ ತಪ್ಪು. ಆ ಪರೀಕ್ಷೆಗೆ ಎಷ್ಟು ತೂಕವಿದೆ ಎಂಬುದು, ರಕ್ತ ತೆಗೆಯುವ ಮುಂಚೆ ರೋಗಿಯನ್ನು ಎಷ್ಟು ಚೆನ್ನಾಗಿ ವಿಚಾರಿಸಲಾಗಿದೆ ಎಂಬುದರ ಮೇಲೆ ನಿಂತಿದೆ. ಇಂದು ನಾನು ನಿಮ್ಮ ಮುಂದೆ ಇಡಬೇಕೆಂದಿರುವ ವಾದ ಇದೇ.

ಬಿ27 ಎಂಬ ಗುರುತು ಈ ಕಾಯಿಲೆಯ ಜೊತೆ ತಳಕು ಹಾಕಿಕೊಂಡದ್ದು 1973ರಲ್ಲಿ. ಅದಕ್ಕೂ ಮೊದಲೇ, ಒಬ್ಬರ ಅಂಗ ಇನ್ನೊಬ್ಬರ ದೇಹಕ್ಕೆ ಹೊಂದುತ್ತದೆಯೇ ಎಂದು ತಿಳಿಯಲು ವಿಜ್ಞಾನಿಗಳು ಬಿಳಿ ರಕ್ತಕಣಗಳ ಮೇಲಿನ ಪ್ರೊಟೀನುಗಳನ್ನು ಗುರುತಿಸುತ್ತಿದ್ದರು. ಫ್ರಾನ್ಸಿನ ಝಾನ್ ದೊಸ್ಸೆ ಇಂಥ ಮೊದಲ ಗುರುತನ್ನು 1958ರಲ್ಲಿ ವಿವರಿಸಿದರು. 1980ರ ನೊಬೆಲ್ ಬಹುಮಾನ ಪಡೆದ ಮೂವರಲ್ಲಿ ಅವರೂ ಒಬ್ಬರು. ಈ ಪ್ರೊಟೀನುಗಳ ಗುಂಪೇ ಎಚ್‌ಎಲ್‌ಎ, ಬಿ27 ಅವುಗಳಲ್ಲೊಂದು. ಇವುಗಳ ವಂಶವಾಹಿಗಳು ಆರನೆಯ ವರ್ಣತಂತುವಿನ ಗಿಡ್ಡ ತೋಳಿನಲ್ಲಿವೆ. 1973ರಲ್ಲಿ ಲಂಡನ್ನಿನ ಬ್ರೂವರ್ಟನ್ ಮತ್ತು ಸಂಗಡಿಗರು, ಕ್ಯಾಲಿಫೋರ್ನಿಯಾದ ಸ್ಕ್ಲಾಸ್‌ಸ್ಟೈನ್, ತೆರಸಾಕಿ ಮತ್ತು ಸಂಗಡಿಗರು ಬೇರೆಬೇರೆಯಾಗಿ ಒಂದೇ ಸಂಗತಿಯನ್ನು ಕಂಡುಕೊಂಡರು. ಲಂಡನ್ನಿನ ತಂಡ ಪರೀಕ್ಷಿಸಿದ 75 ರೋಗಿಗಳಲ್ಲಿ 72 ಮಂದಿಗೆ ಬಿ27 ಇತ್ತು. ಹೋಲಿಕೆಗಾಗಿ ತೆಗೆದುಕೊಂಡ, ಈ ಕಾಯಿಲೆ ಇಲ್ಲದ 75 ಮಂದಿಯಲ್ಲಿ ಮೂವರಿಗೆ ಮಾತ್ರ ಇತ್ತು. ಅಮೆರಿಕದ ತಂಡ ನೋಡಿದ 40 ರೋಗಿಗಳಲ್ಲಿ 35 ಮಂದಿಗೆ ಅದು ಇತ್ತು, ಉಳಿದ ಜನರಲ್ಲಿ ಶೇಕಡಾ 8ರಷ್ಟು ಮಂದಿಗೆ ಇತ್ತು. ಒಂದು ವಂಶವಾಹಿಗೂ ಒಂದು ಸಾಮಾನ್ಯ ಕಾಯಿಲೆಗೂ ಇಷ್ಟು ಗಾಢವಾದ ನಂಟು ವೈದ್ಯಶಾಸ್ತ್ರದಲ್ಲಿ ತೀರ ಅಪರೂಪ. ಹಾಗಾಗಿ, ಇನ್ನು ಈ ರೋಗವನ್ನು ರಕ್ತದಲ್ಲೇ ಕಂಡುಹಿಡಿಯಬಹುದು ಎಂಬ ಉತ್ಸಾಹ ಹುಟ್ಟಿದ್ದು ಸಹಜ. ಆದರೆ ಆ ಅಂಕಿಗಳನ್ನು ಇನ್ನೊಮ್ಮೆ ಓದಬೇಕು. ರೋಗಿಗಳಲ್ಲಿ ಹೆಚ್ಚಿನವರಿಗೆ ಬಿ27 ಇದೆ ಎಂಬುದು ಒಂದು ಮಾತು, ಬಿ27 ಇರುವವರಲ್ಲಿ ಹೆಚ್ಚಿನವರು ರೋಗಿಗಳು ಎಂಬುದು ಪೂರ್ತಿ ಬೇರೆಯ ಮಾತು. ಮೊದಲನೆಯದು ನಿಜ, ಎರಡನೆಯದು ನಿಜವಲ್ಲ. ಬಿ27 ಹೊತ್ತಿರುವ ನೂರು ಜನರಲ್ಲಿ ಸುಮಾರು ಐದು ಮಂದಿಗೆ ಮಾತ್ರ ಜೀವಮಾನದಲ್ಲಿ ಈ ಕಾಯಿಲೆ ಬರುತ್ತದೆ. ಉಳಿದ ತೊಂಬತ್ತೈದು ಮಂದಿ ಅದು ತಮ್ಮಲ್ಲಿದೆ ಎಂದೂ ತಿಳಿಯದೆ ಬಾಳಿ ಹೋಗುತ್ತಾರೆ.

ಹಾಗಾದರೆ ಈ ಪ್ರೊಟೀನು ಮಾಡುವುದೇನು? ಜೀವಕೋಶದೊಳಗಿನ ಪ್ರೊಟೀನುಗಳ ಚೂರುಗಳನ್ನು ಕೋಶದ ಮೇಲ್ಮೈಗೆ ತಂದು, ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳಿಗೆ ತೋರಿಸುವುದು ಅದರ ಕೆಲಸ. ಚೂರು ವೈರಸ್ಸಿನದಾಗಿದ್ದರೆ ಟಿ ಕೋಶಗಳು ಆ ಸೋಂಕಿತ ಕೋಶವನ್ನು ಕೊಲ್ಲುತ್ತವೆ. ಈ ಕೆಲಸದಲ್ಲಿ ಬಿ27 ಬಹಳ ಸಮರ್ಥವಾದದ್ದು. ಎಚ್‌ಐವಿ ಸೋಂಕು ತಗುಲಿದವರಲ್ಲಿ ಬಿ27 ಇದ್ದವರಿಗೆ ಕಾಯಿಲೆ ನಿಧಾನವಾಗಿ ಮುಂದುವರಿಯುತ್ತದೆ ಎಂಬುದು ದೃಢಪಟ್ಟ ಸಂಗತಿ. ಆದ್ದರಿಂದ ಇದನ್ನು ಕೆಟ್ಟ ವಂಶವಾಹಿ ಎನ್ನುವುದು ಅನ್ಯಾಯ. ಇದೇ ಪ್ರೊಟೀನು ಕೆಲವರಲ್ಲಿ ಬೆನ್ನುಮೂಳೆಯ ಮೇಲೇಕೆ ತಿರುಗಿಬೀಳುತ್ತದೆ ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ಬ್ಯಾಕ್ಟೀರಿಯಾದ ಚೂರನ್ನೇ ಹೋಲುವ ದೇಹದ ಸ್ವಂತ ಚೂರನ್ನು ಅದು ತೋರಿಸುತ್ತದೆ, ಟಿ ಕೋಶಗಳು ಮೋಸಹೋಗುತ್ತವೆ ಎಂಬುದು ಒಂದು. ಆ ಪ್ರೊಟೀನು ಸರಿಯಾಗಿ ಮಡಚಿಕೊಳ್ಳದೆ ಕೋಶದೊಳಗೇ ಒತ್ತಡ ಉಂಟುಮಾಡುತ್ತದೆ ಎಂಬುದು ಇನ್ನೊಂದು. 1990ರಲ್ಲಿ ಅಮೆರಿಕದ ಸಂಶೋಧಕರು ಮನುಷ್ಯರ ಬಿ27 ವಂಶವಾಹಿಯನ್ನು ಇಲಿಗಳಿಗೆ ಸೇರಿಸಿದಾಗ ಅವುಗಳಿಗೆ ಕೀಲುಗಳ ಮತ್ತು ಕರುಳಿನ ಉರಿಯೂತ ಬಂತು. ಅದೇ ತಳಿಯ ಇಲಿಗಳನ್ನು ಸೂಕ್ಷ್ಮಾಣುಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದಾಗ ಆ ಉರಿಯೂತ ಕಾಣಿಸಲಿಲ್ಲ. ವಂಶವಾಹಿ ಒಂದೇ ಸಾಲದು, ಅದರ ಜೊತೆಗೆ ಬೇರೆ ಕಾರಣಗಳೂ ಕೂಡಿಬರಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ. ಅವಳಿಗಳ ಅಧ್ಯಯನಗಳ ಪ್ರಕಾರ ಈ ಕಾಯಿಲೆಯ ಒಲವಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲು ಅನುವಂಶೀಯತೆಯದು. ಅದರಲ್ಲಿ ಬಿ27ರ ಪಾಲು ಸುಮಾರು ಐದರಲ್ಲೊಂದು ಮಾತ್ರ. ಈವರೆಗೆ ಗುರುತಿಸಿರುವ ನೂರಕ್ಕೂ ಹೆಚ್ಚು ಬೇರೆ ವಂಶವಾಹಿ ತಾಣಗಳು ಇನ್ನೊಂದಿಷ್ಟು ಪಾಲನ್ನು ವಿವರಿಸುತ್ತವೆ, ಮಿಕ್ಕದ್ದು ಇನ್ನೂ ಬಿಡಿಸದ ಒಗಟು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬಿ27 ಎಲ್ಲ ಜನಾಂಗಗಳಲ್ಲೂ ಒಂದೇ ಪ್ರಮಾಣದಲ್ಲಿಲ್ಲ. ಕೆನಡಾದ ಪಶ್ಚಿಮ ಕರಾವಳಿಯ ಹೈಡಾ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಮಂದಿಗೆ ಇದೆ, ಪಶ್ಚಿಮ ಯೂರೋಪಿನವರಲ್ಲಿ ಶೇಕಡಾ 8ರಷ್ಟು, ಜಪಾನಿನಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ. ಭಾರತದಲ್ಲಿ ಅದು ಯೂರೋಪಿಗಿಂತ ಕಡಿಮೆ. ಬಿ27ರಲ್ಲಿ ಮತ್ತೆ ಹಲವು ಉಪಬಗೆಗಳಿವೆ. ಆಗ್ನೇಯ ಏಷ್ಯಾದಲ್ಲಿ ಕಾಣುವ ಬಿ27:06, ಇಟಲಿಯ ಸಾರ್ಡೀನಿಯಾದಲ್ಲಿ ಕಾಣುವ ಬಿ27:09 ಎಂಬ ಉಪಬಗೆಗಳಿಗೆ ಈ ಕಾಯಿಲೆಯೊಂದಿಗೆ ಗಾಢವಾದ ನಂಟು ಕಂಡುಬಂದಿಲ್ಲ. ಹೀಗಾಗಿ ಒಂದೇ ವರದಿಯ ಅರ್ಥ ಒಂದೊಂದು ನಾಡಿನಲ್ಲಿ ಒಂದೊಂದು ತೂಕದ್ದಾಗುತ್ತದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಮೂರು ತಿಂಗಳು ಮೀರಿದ ಬೆನ್ನುನೋವಿನಿಂದ ಬಳಲುವ ಒಂದು ಸಾವಿರ ಜನರನ್ನು ಊಹಿಸಿಕೊಳ್ಳಿ. ಅವರಲ್ಲಿ ನೂರಕ್ಕೆ ಐದರಂತೆ 50 ಮಂದಿಗೆ ಉರಿಯೂತದ ಈ ಕಾಯಿಲೆ ಇರುತ್ತದೆ ಎಂಬುದು ಯೂರೋಪಿನ ತಜ್ಞರು ಬಳಸುವ ಅಂದಾಜು. ರೋಗಿಗಳಲ್ಲಿ ಶೇಕಡಾ 90ರಷ್ಟು, ಉಳಿದವರಲ್ಲಿ ಶೇಕಡಾ 10ರಷ್ಟು ಬಿ27 ಪಾಸಿಟಿವ್ ಎಂದಿಟ್ಟುಕೊಳ್ಳೋಣ. ಏನನ್ನೂ ವಿಚಾರಿಸದೆ ಸಾವಿರ ಜನರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರೆ 45 ನಿಜವಾದ ರೋಗಿಗಳು, ರೋಗವಿಲ್ಲದ 95 ಮಂದಿ, ಒಟ್ಟು 140 ಜನರಿಗೆ ಪಾಸಿಟಿವ್ ವರದಿ ಬರುತ್ತದೆ. ಪಾಸಿಟಿವ್ ಎಂದು ಬಂದವರಲ್ಲಿ ಮೂವರಿಗೆ ಒಬ್ಬರು ಮಾತ್ರ ರೋಗಿ. ಈಗ ರಕ್ತ ತೆಗೆಯುವ ಮುಂಚೆ ವಿಚಾರಿಸಿ ನೋಡೋಣ: ನೋವು ಯಾವ ವಯಸ್ಸಿಗೆ ಬಂತು, ವಿಶ್ರಾಂತಿಯಿಂದ ಹೆಚ್ಚುತ್ತದೆಯೇ, ಓಡಾಡಿದರೆ ಇಳಿಯುತ್ತದೆಯೇ, ರಾತ್ರಿ ಎಬ್ಬಿಸುತ್ತದೆಯೇ. ರೋಗಿಗಳಲ್ಲಿ ಸುಮಾರು ಮುಕ್ಕಾಲು ಪಾಲು, ಉಳಿದವರಲ್ಲಿ ಸುಮಾರು ಕಾಲು ಪಾಲು ಜನ ಹೌದು ಎನ್ನುತ್ತಾರೆ. ಅಂದರೆ 38 ರೋಗಿಗಳು, 228 ಇತರರು, ಒಟ್ಟು 266 ಮಂದಿ. ಇವರಿಗೆ ಮಾತ್ರ ಪರೀಕ್ಷೆ ಮಾಡಿಸಿದರೆ ಪಾಸಿಟಿವ್ ಬರುವುದು 57 ಮಂದಿಗೆ, ಅವರಲ್ಲಿ 34 ಮಂದಿ ನಿಜವಾದ ರೋಗಿಗಳು. ಮೂರರಲ್ಲಿ ಒಂದಾಗಿದ್ದ ಸಾಧ್ಯತೆ ಐದರಲ್ಲಿ ಮೂರಕ್ಕೆ ಏರಿತು. ಲ್ಯಾಬು ಅದೇ, ಯಂತ್ರ ಅದೇ. ವ್ಯತ್ಯಾಸ ತಂದದ್ದು ಐದು ನಿಮಿಷದ ಮಾತುಕತೆ. ನಮ್ಮಲ್ಲಿ ಬಿ27ರ ಪ್ರಮಾಣವೂ ಕಾಯಿಲೆಯ ಪ್ರಮಾಣವೂ ಬೇರೆಯಾದ್ದರಿಂದ ಈ ಅಂಕಿಗಳು ಇದ್ದಂತೆಯೇ ಹೊಂದಲಾರವು. ಆದರೆ ಲೆಕ್ಕದ ದಾರಿ ಎಲ್ಲ ಕಡೆಯೂ ಒಂದೇ. ವಿಚಾರಣೆಯಲ್ಲೇ 12 ರೋಗಿಗಳು ಕೈತಪ್ಪಿದರಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೇ ನೋವಿನ ಸ್ವಭಾವವೊಂದನ್ನೇ ಕೇಳಿ ನಿಲ್ಲಿಸಬಾರದು. ಕಣ್ಣು ಕೆಂಪಾಗಿ ನೋಯುತ್ತಿತ್ತೇ, ಚರ್ಮದಲ್ಲಿ ಸೋರಿಯಾಸಿಸ್ ಇದೆಯೇ, ಹಿಮ್ಮಡಿ ನೋಯುತ್ತದೆಯೇ, ಕರುಳಿನ ದೀರ್ಘಕಾಲದ ಉರಿಯೂತವಿದೆಯೇ, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದೆಯೇ ಎಂದೂ ಕೇಳಬೇಕು.

ಇಷ್ಟೆಲ್ಲ ಅನುಮಾನಗಳಿರುವ ಪರೀಕ್ಷೆಯನ್ನು ಬಿಟ್ಟೇಬಿಡಬಾರದೇಕೆ ಎಂಬುದು ಮೊದಲ ಆಕ್ಷೇಪ. ಉತ್ತರ ಕಾಲದಲ್ಲಿದೆ. 1984ರ ನ್ಯೂಯಾರ್ಕ್ ಮಾನದಂಡದ ಪ್ರಕಾರ ಈ ಕಾಯಿಲೆ ಎಂದು ಖಚಿತಪಡಿಸಲು ಸೊಂಟದ ಹಿಂಬದಿಯ ಸೇಕ್ರೊಇಲಿಯಾಕ್ ಕೀಲುಗಳ ಹಾನಿ ಎಕ್ಸ್‌ರೇಯಲ್ಲಿ ಕಾಣಬೇಕಿತ್ತು. ಆ ಹಾನಿ ಎಕ್ಸ್‌ರೇಯಲ್ಲಿ ಮೂಡಲು ವರ್ಷಗಳೇ ಬೇಕು. ಹಾಗಾಗಿ ರೋಗಲಕ್ಷಣ ಶುರುವಾದಾಗಿನಿಂದ ರೋಗಕ್ಕೆ ಹೆಸರು ಸಿಗುವವರೆಗೆ ಐದಾರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಕಳೆಯುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಓದು ಮುಗಿಸಿ ಕೆಲಸ ಹಿಡಿಯುವ, ಮದುವೆಯಾಗುವ, ಸಂಸಾರ ಕಟ್ಟುವ ವಯಸ್ಸಿನ ವರ್ಷಗಳವು. ಎಂಆರ್‌ಐ ಬಂದ ಮೇಲೆ ಮೂಳೆಯೊಳಗಿನ ಉರಿಯೂತವನ್ನು ಹಾನಿಯಾಗುವ ಮೊದಲೇ ಕಾಣಬಹುದಾಯಿತು. 2009ರಲ್ಲಿ ಆಸಾಸ್ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟ ಹೊಸ ಮಾನದಂಡ ತಂದಿತು. 45 ವರ್ಷದೊಳಗೆ ಶುರುವಾಗಿ ಮೂರು ತಿಂಗಳು ಮೀರಿದ ಬೆನ್ನುನೋವಿದ್ದು, ಬಿ27 ಪಾಸಿಟಿವ್ ಆಗಿ, ಜೊತೆಗೆ ಕನಿಷ್ಠ ಎರಡು ಲಕ್ಷಣಗಳಿದ್ದರೆ ಚಿತ್ರದಲ್ಲಿ ಏನೂ ಕಾಣದಿದ್ದರೂ ಅಂಥವರನ್ನು ಈ ಗುಂಪಿಗೆ ಸೇರಿಸಬಹುದು ಎಂದಿತು. ಇದು ಸಂಶೋಧನೆಗಾಗಿ ರೋಗಿಗಳನ್ನು ವರ್ಗೀಕರಿಸುವ ಮಾನದಂಡ, ರೋಗನಿರ್ಣಯದ ಯಂತ್ರವಲ್ಲ. ಆದರೂ ಇಲ್ಲೂ ಬಿ27 ಒಂಟಿಯಾಗಿ ನಿಂತಿಲ್ಲ, ಎರಡು ಲಕ್ಷಣಗಳ ಹೆಗಲ ಮೇಲೆ ನಿಂತಿದೆ ಎಂಬುದನ್ನು ಗಮನಿಸಿ. ಸರಿಯಾದ ಜಾಗದಲ್ಲಿ ಬಳಸಿದರೆ ಪರೀಕ್ಷೆ ಎಷ್ಟು ನೆರವಾಗಬಲ್ಲದು ಎಂಬುದಕ್ಕೆ ಡಬ್ಲಿನ್‌ನಿಂದ 2015ರಲ್ಲಿ ಪ್ರಕಟವಾದ ಅಧ್ಯಯನ ಒಳ್ಳೆಯ ನಿದರ್ಶನ. ಕಣ್ಣಿನ ಮುಂಭಾಗದ ಉರಿಯೂತವೆಂದು ನೇತ್ರವೈದ್ಯರ ಬಳಿ ಬಂದವರಲ್ಲಿ ಬೆನ್ನುನೋವೋ ಕೀಲುನೋವೋ ಇದ್ದವರನ್ನು ಆರಿಸಿ, ಬಿ27 ನೋಡಿ, ಸಂಧಿವಾತ ತಜ್ಞರಿಗೆ ಕಳಿಸುವ ಸರಳ ಕ್ರಮವನ್ನು ಅಲ್ಲಿ ಅನುಸರಿಸಿದರು. ಕಣ್ಣಿಗೆಂದು ಬಂದವರಲ್ಲಿ ಸುಮಾರು ಶೇಕಡಾ 40 ಮಂದಿಗೆ, ಅದುವರೆಗೆ ಯಾರೂ ಗುರುತಿಸದಿದ್ದ, ಈ ಕಾಯಿಲೆಯ ಗುಂಪಿಗೆ ಸೇರಿದ ಸಂಧಿವಾತ ಇತ್ತು.

ಎರಡನೆಯ ಆಕ್ಷೇಪ ಇದರ ತದ್ವಿರುದ್ಧದ್ದು. ಅಷ್ಟು ಉಪಯೋಗವಿದ್ದರೆ ಎಲ್ಲರಿಗೂ ಮಾಡಿಸಬಾರದೇಕೆ? ಕನಿಷ್ಠ ರೋಗಿಯ ಮಕ್ಕಳಿಗಾದರೂ? ತಂದೆಗೋ ತಾಯಿಗೋ ಬಿ27ರ ಒಂದು ಪ್ರತಿ ಇದ್ದರೆ ಮಗುವಿಗೆ ಅದು ಬರುವ ಸಾಧ್ಯತೆ ಅರ್ಧ. ರೋಗಿಯ ಹತ್ತಿರದ ರಕ್ತಸಂಬಂಧಿಗೆ ಬಿ27 ಇದ್ದರೂ ಕಾಯಿಲೆ ಬರುವ ಸಾಧ್ಯತೆ ಶೇಕಡಾ 10ರಿಂದ 20ರಷ್ಟು. ಅಂದರೆ ಪಾಸಿಟಿವ್ ಎಂದು ಬಂದ ಮಕ್ಕಳಲ್ಲೂ ಬಹುಪಾಲು ಮಂದಿಗೆ ಕಾಯಿಲೆ ಬರುವುದೇ ಇಲ್ಲ. ಕಾಯಿಲೆ ಬರದಂತೆ ತಡೆಯುವ ಔಷಧಿ ಇಂದಿಗೂ ಇಲ್ಲ. ತಡೆಯಲಾಗದ, ಬಹುಶಃ ಬಾರದೇ ಇರುವ ಕಾಯಿಲೆಯ ಹಣೆಪಟ್ಟಿಯನ್ನು ಆಡುವ ಮಗುವಿಗೆ ಅಂಟಿಸಿ ನಾವು ಗಳಿಸುವುದೇನು? ಮನೆಯವರ ಆತಂಕ, ಮಗುವನ್ನು ಆಟದಿಂದ ದೂರವಿಡುವ ಅನಗತ್ಯ ಕಾಳಜಿ, ಮುಂದೆ ಮದುವೆಯ ಮಾತುಕತೆಯಲ್ಲಿ ಏಳಬಹುದಾದ ಕಳಂಕದ ಮಾತು, ಇಷ್ಟೇ. ಆರೋಗ್ಯವಾಗಿರುವವರಿಗೆ ಈ ಪರೀಕ್ಷೆ ಬೇಡ. ಅದರ ಬದಲು ಆ ಮನೆಯವರಿಗೆ ಕಾಯಿಲೆಯ ಲಕ್ಷಣಗಳನ್ನು ತಿಳಿಸಿ. ಮಗ ಅಥವಾ ಮಗಳಿಗೆ ಹದಿನೆಂಟು ಇಪ್ಪತ್ತರಲ್ಲಿ ಅಂಥ ಬೆನ್ನುನೋವು ಶುರುವಾದರೆ ತಡಮಾಡದೆ ವೈದ್ಯರ ಬಳಿಗೆ ಹೋಗಲು ಆ ತಿಳಿವಳಿಕೆ ಸಾಕು. ಮಗಳಿಗೆ ಎಂದದ್ದು ಬೇಕೆಂದೇ. ಇದು ಗಂಡಸರ ಕಾಯಿಲೆ ಎಂದು ಹಳೆಯ ವೈದ್ಯಕೀಯ ಪುಸ್ತಕಗಳು ಹೇಳುತ್ತಿದ್ದವು. ಆರಂಭದ ಹಂತವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಹೆಂಗಸರ ಸಂಖ್ಯೆ ಗಂಡಸರಿಗಿಂತ ಹೆಚ್ಚೇನೂ ಕಡಿಮೆಯಿಲ್ಲ ಎಂದು ಈಗ ಗೊತ್ತಾಗಿದೆ. ಆ ಹಳೆಯ ನಂಬಿಕೆಯಿಂದಾಗಿ ಹೆಣ್ಣುಮಕ್ಕಳಲ್ಲಿ ಕಾಯಿಲೆ ಪತ್ತೆಯಾಗುವುದು ಇನ್ನೂ ತಡವಾಗುತ್ತಿದೆ.

ವರದಿ ನೆಗೆಟಿವ್ ಬಂದರೆ ನಿಶ್ಚಿಂತರಾಗಬಹುದೇ? ಪೂರ್ತಿ ಅಲ್ಲ. ಬಿ27 ಇಲ್ಲದೆಯೂ ಈ ಕಾಯಿಲೆ ಬರುತ್ತದೆ, ಸೋರಿಯಾಸಿಸ್ ಅಥವಾ ಕರುಳಿನ ಉರಿಯೂತದ ಜೊತೆಗೆ ಬರುವ ಬಗೆಯಲ್ಲಿ ವಿಶೇಷವಾಗಿ. ಲಕ್ಷಣಗಳು ಗಟ್ಟಿಯಾಗಿದ್ದರೆ ನೆಗೆಟಿವ್ ವರದಿಯನ್ನು ನೆಚ್ಚಿ ತನಿಖೆ ನಿಲ್ಲಿಸಬಾರದು. ಪಾಸಿಟಿವ್ ವರದಿಯೂ ತನಿಖೆಯನ್ನು ಮುಗಿಸಬಾರದು, ನಮ್ಮ ದೇಶದಲ್ಲಂತೂ ಖಂಡಿತ ಮುಗಿಸಬಾರದು. ಬೆನ್ನುಮೂಳೆಗೆ, ಸೇಕ್ರೊಇಲಿಯಾಕ್ ಕೀಲಿಗೆ ಕ್ಷಯರೋಗ ತಗುಲುವುದು ನಮ್ಮಲ್ಲಿ ಅಪರೂಪವಲ್ಲ. ಹಸಿ ಹಾಲು ಕುಡಿಯುವವರಿಗೆ, ದನಕರು ಕುರಿಮೇಕೆಗಳ ಹೆರಿಗೆಯಲ್ಲಿ ಕೈಯಾಡಿಸುವವರಿಗೆ ತಗುಲುವ ಬ್ರುಸೆಲ್ಲಾ ಸೋಂಕೂ ಇದೇ ಕೀಲುಗಳಲ್ಲಿ ನೋವು ತರುತ್ತದೆ. ಬಿ27 ಇರುವವರಿಗೂ ಕ್ಷಯ ಬರಬಹುದು. ಒಂದೇ ಬದಿಯ ಕೀಲಿನಲ್ಲಿ ಹಾನಿ, ಸಂಜೆಯ ಜ್ವರ, ತೂಕ ಇಳಿಯುವುದು ಕಂಡರೆ ಬಿ27 ವರದಿಯನ್ನು ಬದಿಗಿಟ್ಟು ಸೋಂಕನ್ನು ಹುಡುಕಬೇಕು. ಕ್ಷಯವನ್ನು ಗುರುತಿಸದೆ, ಈ ಬೆನ್ನುನೋವಿಗೆಂದು ಟಿಎನ್ಎಫ್ ಎಂಬ ಉರಿಯೂತದ ಪ್ರೊಟೀನನ್ನು ತಡೆಯುವ ಚುಚ್ಚುಮದ್ದು ಕೊಟ್ಟರೆ ಆ ಸೋಂಕು ದೇಹವೆಲ್ಲ ಹರಡುವ ಅಪಾಯವಿದೆ. ವರದಿಯ ವಿಶ್ವಾಸಾರ್ಹತೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಬಿ27 ಅನ್ನು ಲ್ಯಾಬುಗಳು ಮುಖ್ಯವಾಗಿ ಎರಡು ವಿಧಾನಗಳಲ್ಲಿ ನೋಡುತ್ತವೆ. ಫ್ಲೋ ಸೈಟೋಮೆಟ್ರಿ ರಕ್ತಕಣದ ಮೇಲಿನ ಪ್ರೊಟೀನನ್ನು ಪ್ರತಿಕಾಯದ ಮೂಲಕ ಗುರುತಿಸುತ್ತದೆ. ಬಿ7 ಎಂಬ ಹತ್ತಿರದ ಪ್ರೊಟೀನಿಗೂ ಆ ಪ್ರತಿಕಾಯ ಅಂಟಿಕೊಂಡು ಕೆಲವೊಮ್ಮೆ ಗೊಂದಲವಾಗುತ್ತದೆ. ಪಿಸಿಆರ್ ವಿಧಾನ ನೇರವಾಗಿ ಡಿಎನ್ಎಯನ್ನೇ ಓದುತ್ತದೆ. ಮೊದಲ ವಿಧಾನದ ಫಲಿತಾಂಶ ಅಸ್ಪಷ್ಟವಾಗಿದ್ದರೆ ಎರಡನೆಯದರಿಂದ ಖಚಿತಪಡಿಸಿಕೊಳ್ಳಬೇಕು. ಬಿ27 ಪರೀಕ್ಷೆಯನ್ನು ಎರಡನೆಯ ಸಲ ಮಾಡಿಸಬೇಕಾದ ಸಂದರ್ಭ ಇದೊಂದೇ.

ಇಲ್ಲಿಗೆ ನಾವು ಚಿಕಿತ್ಸೆಯ ಮೇಲ್ವಿಚಾರಣೆಯ ವಿಷಯಕ್ಕೆ ಬರುತ್ತೇವೆ. ಔಷಧಿ ಶುರುವಾದ ಮೇಲೆ ಆರು ತಿಂಗಳಿಗೊಮ್ಮೆ ಬಿ27 ನೋಡಿಸಿಕೊಂಡು, ಇನ್ನೂ ಪಾಸಿಟಿವ್ ಇದೆಯಲ್ಲ ಎಂದು ಕೊರಗುವವರಿದ್ದಾರೆ. ವಂಶವಾಹಿ ಬದಲಾಗುವುದಿಲ್ಲ. ಜ್ವರ ಇಳಿಯಿತೇ ಎಂದು ತಿಳಿಯಲು ಯಾರೂ ಹುಟ್ಟಿದ ತಾರೀಕನ್ನು ತಿರುಗಿ ನೋಡುವುದಿಲ್ಲ. ಇದೂ ಹಾಗೆಯೇ. ಬಿ27 ಇದ್ದವರಿಗೆ ಕಾಯಿಲೆ ತುಸು ಬೇಗ ಶುರುವಾಗುತ್ತದೆ, ಕಣ್ಣಿನ ಉರಿಯೂತ ಬರುವ ಸಾಧ್ಯತೆ ಹೆಚ್ಚು, ಟಿಎನ್ಎಫ್ ತಡೆಯುವ ಔಷಧಿಗಳಿಗೆ ಸ್ಪಂದನವೂ ತುಸು ಮೇಲು. ಅಷ್ಟನ್ನು ಒಮ್ಮೆ ತಿಳಿದುಕೊಂಡರೆ ಸಾಕು. ಮುಂದಿನ ದಾರಿಯನ್ನು ತೋರಿಸಬೇಕಾದವು ಬದಲಾಗುವ ಅಳತೆಗಳು. ದಣಿವು, ಬೆನ್ನುನೋವು, ಕೀಲುನೋವು, ಬೆಳಗಿನ ಬಿಗಿತ ಇವುಗಳ ಕುರಿತ ಆರು ಪ್ರಶ್ನೆಗಳಿಗೆ ರೋಗಿಯೇ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವ ಬಾಸ್‌ಡಾಯ್ ಎಂಬ ಅಳತೆ ಇಂಗ್ಲೆಂಡಿನ ಬಾತ್ ನಗರದಿಂದ 1994ರಲ್ಲಿ ಬಂತು. ಸರಾಸರಿ ನಾಲ್ಕು ಮೀರಿದರೆ ಕಾಯಿಲೆ ಚುರುಕಾಗಿದೆ ಎಂದರ್ಥ. ಇಂಥ ಉತ್ತರಗಳ ಜೊತೆ, ಉರಿಯೂತವನ್ನು ಸೂಚಿಸುವ ಸಿಆರ್‌ಪಿ ಎಂಬ ರಕ್ತಪರೀಕ್ಷೆಯನ್ನು ಸೇರಿಸಿ ಲೆಕ್ಕ ಹಾಕುವ ಆಸ್‌ಡಾಸ್ ಅಳತೆಯಲ್ಲಿ 1.3ಕ್ಕಿಂತ ಕಡಿಮೆ ಬಂದರೆ ಕಾಯಿಲೆ ತಣ್ಣಗಾಗಿದೆ, 3.5 ಮೀರಿದರೆ ಬಹಳ ಚುರುಕಾಗಿದೆ. ಸಿಆರ್‌ಪಿ ಒಂದನ್ನೇ ನಂಬುವಂತಿಲ್ಲ, ಕಾಯಿಲೆ ಚುರುಕಾಗಿದ್ದಾಗಲೂ ಅನೇಕರಲ್ಲಿ ಅದು ಸಹಜವಾಗಿಯೇ ಇರುತ್ತದೆ. ಇನ್ನೊಂದು ಅಳತೆಗೆ ಒಂದು ಟೇಪು ಸಾಕು. ರೋಗಿ ನೆಟ್ಟಗೆ ನಿಂತಾಗ ಸೊಂಟದ ಕೆಳಗೊಂದು, ಅದಕ್ಕಿಂತ ಹತ್ತು ಸೆಂಟಿಮೀಟರ್ ಮೇಲೊಂದು ಗುರುತು ಹಾಕಿ, ಮುಂದಕ್ಕೆ ಪೂರ್ತಿ ಬಗ್ಗಲು ಹೇಳಬೇಕು. ಆರೋಗ್ಯವಂತ ಬೆನ್ನಿನಲ್ಲಿ ಆ ಅಂತರ ಸುಮಾರು ಹದಿನೈದು ಸೆಂಟಿಮೀಟರಿಗೆ ಹಿಗ್ಗುತ್ತದೆ. ಇದಕ್ಕೆ ಶೋಬರ್ ಪರೀಕ್ಷೆ ಎನ್ನುತ್ತಾರೆ, ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದು. ಬಿ27 ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸುವ ದುಡ್ಡು ವ್ಯಾಯಾಮ ಕಲಿಸುವ ಫಿಸಿಯೋಥೆರಪಿಗೆ ಹೋದರೆ ರೋಗಿಗೆ ಎಷ್ಟೋ ಪಾಲು ಹೆಚ್ಚು ಒಳಿತು. ನೋವು ಮತ್ತು ಉರಿಯೂತ ತಗ್ಗಿಸುವ ಮಾತ್ರೆ, ದಿನನಿತ್ಯದ ವ್ಯಾಯಾಮ, ಬೀಡಿ ಸಿಗರೇಟು ಬಿಡುವುದು ಇಂದಿಗೂ ಚಿಕಿತ್ಸೆಯ ಮೊದಲ ಮೆಟ್ಟಿಲು. ಅದು ಸಾಲದಿದ್ದವರಿಗೆ ಟಿಎನ್ಎಫ್ ಅನ್ನು, ಇಲ್ಲವೇ ಐಎಲ್-17 ಎಂಬ ಇನ್ನೊಂದು ಉರಿಯೂತದ ಪ್ರೊಟೀನನ್ನು ತಡೆಯುವ ಔಷಧಿಗಳಿವೆ.

ನೂರಾರು ವಂಶವಾಹಿ ತಾಣಗಳನ್ನು ಒಟ್ಟಿಗೆ ಓದಿ ಅಂಕ ಕೊಡುವ ಹೊಸ ಪರೀಕ್ಷೆ ಬಂದರೆ ಈ ತೊಡಕೆಲ್ಲ ತೀರದೇ ಎಂಬುದು ಕೊನೆಯ ಆಕ್ಷೇಪ. ಅಂಥ ಅಂಕಗಳು ಬಿ27 ಒಂದಕ್ಕಿಂತ ಚೆನ್ನಾಗಿ ಮುನ್ಸೂಚಿಸುತ್ತವೆ ಎಂದು ಸಂಶೋಧನೆಗಳು ತೋರಿಸಿರುವುದು ನಿಜ, ಅದು ಸಂತೋಷದ ಸಂಗತಿ. ಆದರೆ ಅವು ಮುಖ್ಯವಾಗಿ ಯೂರೋಪಿನ ಮತ್ತು ಪೂರ್ವ ಏಷ್ಯಾದ ಜನರ ಮಾಹಿತಿಯ ಮೇಲೆ ಕಟ್ಟಿದವು. ನಮ್ಮ ಜನರಲ್ಲಿ ಅಳೆದು ನೋಡದೆ ಅವನ್ನು ಇಲ್ಲಿ ಮಾರುವುದು ಸರಿಯಲ್ಲ. ಮಿಗಿಲಾಗಿ, ಎಷ್ಟೇ ನಿಖರವಾದ ಅಂಕವಾದರೂ ಅದು ಸಾಧ್ಯತೆಯ ಅಂಕ. ಯಾರಿಗೆ ಮಾಡಿಸಬೇಕು ಎಂದು ತೀರ್ಮಾನಿಸಲು ಆಗಲೂ ನೋವಿನ ಕಥೆಯನ್ನೇ ಕೇಳಬೇಕು.

ಹಾಗಾಗಿ ನನ್ನ ಕೋರಿಕೆ ಎರಡು ಕಡೆಗೆ. ವೈದ್ಯರಲ್ಲಿ, ವಿಶೇಷವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಲ್ಲಿ, ಮೂಳೆ ವೈದ್ಯರಲ್ಲಿ, ನೇತ್ರವೈದ್ಯರಲ್ಲಿ ಕೇಳುವುದಿಷ್ಟು: 45 ವರ್ಷದೊಳಗೆ ಶುರುವಾಗಿ ಮೂರು ತಿಂಗಳು ಮೀರಿದ ಬೆನ್ನುನೋವು ಕಂಡಾಗ ನಾಲ್ಕು ಪ್ರಶ್ನೆ ಹೆಚ್ಚಿಗೆ ಕೇಳಿ, ಅನುಮಾನ ಬಂದರೆ ಬಿ27 ಒಮ್ಮೆ ಬರೆಯಿರಿ, ಅನುಮಾನ ಗಟ್ಟಿಯಾಗಿದ್ದರೆ ವರದಿ ಏನೇ ಬರಲಿ ಸಂಧಿವಾತ ತಜ್ಞರ ಬಳಿಗೆ ಕಳಿಸಿ. ಬೆನ್ನುನೋವಿನಿಂದ ನರಳುತ್ತಿರುವ ಯುವಜನರಲ್ಲಿ ಕೇಳುವುದು ಇನ್ನೊಂದು: ವೈದ್ಯರ ಬಳಿಗೆ ಹೋಗುವಾಗ ಲ್ಯಾಬಿನ ಕಾಗದಕ್ಕಿಂತ ಮೊದಲು ನಿಮ್ಮ ನೋವಿನ ಚರಿತ್ರೆಯನ್ನು ಕೊಂಡೊಯ್ಯಿರಿ. ಅದು ಯಾವಾಗ ಶುರುವಾಯಿತು, ರಾತ್ರಿ ಎಷ್ಟು ಹೊತ್ತಿಗೆ ಎಬ್ಬಿಸುತ್ತದೆ, ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ, ಮನೆಯಲ್ಲಿ ಯಾರಿಗಿದೆ ಎಂದು ಬರೆದುಕೊಂಡು ಹೋಗಿ. ಕಣ್ಣು ಕೆಂಪಾಗಿ, ನೋಯುತ್ತ, ಬೆಳಕು ಸಹಿಸದಂತಾದರೆ ಅಂದೇ ನೇತ್ರವೈದ್ಯರನ್ನು ಕಾಣಿ. ಬಿ27 ಪಾಸಿಟಿವ್ ಎಂದು ಬಂದರೆ ಅಂಜಬೇಡಿ, ನೆಗೆಟಿವ್ ಎಂದು ಬಂದರೆ ನೋವನ್ನು ಅಲಕ್ಷಿಸಬೇಡಿ. ಬೇಗ ಗುರುತಿಸಿ ಚಿಕಿತ್ಸೆ ಪಡೆದವರಲ್ಲಿ ಬಹುಪಾಲು ಮಂದಿ ದುಡಿದು, ಓಡಾಡಿ, ನೆಟ್ಟಗೆ ನಿಂತು ಬಾಳುವ ಕಾಲ ಇದು. ಆ ಬಾಳನ್ನು ಇನ್ನೂ ಹೆಚ್ಚು ಜನರಿಗೆ ದೊರಕಿಸಲು ಬೇಕಾದ ವಿದ್ಯೆ ನಮ್ಮ ಕೈಯಲ್ಲಿದೆ. ಅದನ್ನು ಸರಿಯಾದ ಕ್ರಮದಲ್ಲಿ ಬಳಸುವುದಷ್ಟೇ ಬಾಕಿ.